ನೋವಿಲ್ಲದ ಹಲ್ಲು

ಅಮ್ಮ ಕೋರಿರೊಟ್ಟಿಯನ್ನು ಕೋಳಿಸಾರಿನಲ್ಲಿ ಮುದ್ದೆಯಾಗುವವರೆಗೆ ನೆನೆಸಿ ತಿನ್ನುತ್ತಿದ್ದಳು. ನಾನು, ಅಪ್ಪ ಗರಿಗರಿ ರೊಟ್ಟಿಯನ್ನು ಸದ್ದು ಮಾಡಿ ಅಗಿಯುವಾಗ ಅವಳ ಬಟ್ಟಲಲ್ಲಿ ಗಂಜಿಯಂಥದ್ದೇನೋ ಇರುತ್ತಿತ್ತು. ಅವಳಿಗೆ ಹಾಗೇ ಇಷ್ಟ ಎಂದುಕೊಂಡಿದ್ದೆವು. ದಿನಾ ಒಂದೇ ಮೇಜಿನಲ್ಲಿ ಉಂಡವರಿಗೆ, ಅವಳು ಎಡಬದಿಯಲ್ಲಿ ಮಾತ್ರ ಅಗಿಯುತ್ತಾಳೆ ಎಂಬುದು ಕಾಣಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಬಾಳೆಹಣ್ಣು ಕಚ್ಚುವಾಗ ಅವಳ ಕೆಳಗಿನ ಮುಂಹಲ್ಲು ವಾಲಿತು. ಗಟ್ಟಿ ಚಕ್ಕುಲಿಯಲ್ಲ, ಬಾಳೆಹಣ್ಣು! ಅವತ್ತೇ ಹಂಪನಕಟ್ಟೆಯ ಒಂದು ದಂತ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬಾಯಿ ನೋಡಿದರು, ಎಕ್ಸ್‌ರೇ ತೆಗೆಸಿದರು.

"ವಸಡಿನ ಕೆಳಗೆ ಕೊಳೆ ಕಲ್ಲಿನ ಹಾಗೆ ಕಟ್ಟಿದೆ. ದವಡೆಯ ಎಲುಬು ಕರಗಿದೆ. ನಾಲ್ಕು ಹಲ್ಲು ಉಳಿಯುವುದಿಲ್ಲ," ಎಂದವರು ಕಂಪ್ಯೂಟರಿನತ್ತ ತಿರುಗಿದರು. "ಅಮ್ಮಾ, ನೀವು ಎಂಟು ವರ್ಷದ ಹಿಂದೆ ಬಂದಿದ್ದಿರಿ. ಕ್ಲೀನ್ ಮಾಡಿಸಿ, ಆರಾರು ತಿಂಗಳಿಗೆ ತೋರಿಸಿ ಅಂತ ಹೇಳಿದ್ದೆ."

ನನಗೆ ಗೊತ್ತೇ ಇರಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತು ಅಮ್ಮನನ್ನು ಕೇಳಿದೆ.

"ಬಂದಿದ್ದೆ ಮಗಳೇ, ಒಬ್ಬಳೇ ಬಸ್ಸಲ್ಲಿ," ಎಂದಳು ಅಮ್ಮ. "ಮನೆಗೆ ಬಂದು ಹೇಳಿದೆ. ಅಪ್ಪ ನೋವುಂಟಾ ಅಂತ ಕೇಳಿದ್ರು. ಇಲ್ಲ ಅಂದೆ. ಮತ್ತೆ ಎಂತಕ್ಕೆ ಅಂದ್ರು. ನೀನು ಫೋನ್ ನೋಡ್ತಾ ಇದ್ದಿ. ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದಂತೆ ಅಂದಿ."

ನನಗದು ನೆನಪೇ ಇಲ್ಲ. ಯಾರಿಂದಲೋ ಕೇಳಿದ ಒಂದು ಸುಳ್ಳನ್ನು ತಲೆ ಎತ್ತದೆ ಹೇಳಿಬಿಟ್ಟೆ, ಅವಳು ನಂಬಿದಳು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಆ ಸಿಟ್ಟನ್ನೆಲ್ಲ ಮನೆಗೆ ಹೋಗಿ ಅಪ್ಪನ ಮೇಲೆ ಕಾರಿದೆ. ಅವರು ಆಗಷ್ಟೇ ಕೊಟ್ಟಾರದ ಗ್ಯಾರೇಜಿನಲ್ಲಿ ಕಾರು ಸರ್ವಿಸ್ ಮಾಡಿಸಿ ಬಂದಿದ್ದರು.

"ಕಾರು ನಿಂತುಹೋಗಿತ್ತಾ ಅಪ್ಪ?"

"ಇಲ್ಲ. ಎಂತಕ್ಕೆ?"

"ಮತ್ತೆ ಸರ್ವಿಸ್ ಎಂತಕ್ಕೆ?"

"ಟೈಮಿಗೆ ಸರಿಯಾಗಿ ಮಾಡಿಸದಿದ್ರೆ ಹಾಳಾಗುವುದಿಲ್ವಾ ಮಾರಾಯ್ತಿ!"

"ಅಮ್ಮನ ನಾಲ್ಕು ಹಲ್ಲು ಕೀಳ್ತಾರೆ," ಎಂದೆ. "ನೋವಿಲ್ಲ ಅಂತ ನಾವಿಬ್ಬರೂ ಸೇರಿ ಅವಳನ್ನು ಮನೆಯಲ್ಲೇ ಕೂರಿಸಿದ್ದಕ್ಕೆ."

ಅಪ್ಪ ಕಾರಿನ ಕೀಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. "ಅವಳಾದರೂ ಇನ್ನೊಮ್ಮೆ ಹೇಳಬಹುದಿತ್ತು," ಎಂದರು. ಆ ಮಾತಿಗೆ ಎರಡು ದಿನ ನಾನವರಲ್ಲಿ ಮಾತಾಡಲಿಲ್ಲ. ಒಬ್ಬ ಹೆಂಗಸು ತನ್ನ ಬಾಯಿಗಾಗಿ ಮನೆಯಲ್ಲಿ ಎಷ್ಟು ಸಲ ಅರ್ಜಿ ಹಾಕಬೇಕು?

ನಾಲ್ಕು ಹಲ್ಲು ಹೋದವು. ಉಳಿದವನ್ನು ಡಾಕ್ಟರಮ್ಮ ಮೂರು ಸಲ ಕರೆಸಿ ಶುಚಿಮಾಡಿದರು. ಯಾವುದೂ ಸಡಿಲವಾಗಲಿಲ್ಲ, ವಸಡು ಗಟ್ಟಿಯಾಯಿತು, ಹಲ್ಲುಜ್ಜುವಾಗ ಬರುತ್ತಿದ್ದ ರಕ್ತ ನಿಂತಿತು. ಆರು ತಿಂಗಳ ತಪಾಸಣೆಗೆ ಅಪ್ಪನೇ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆತಂದರು. ಅಮ್ಮನದು ಮುಗಿದ ಮೇಲೆ ಡಾಕ್ಟರಮ್ಮ, "ನೀವೂ ಒಮ್ಮೆ ತೋರಿಸಿ," ಎಂದರು.

"ನನಗೆ ನೋವೆಂತ ಇಲ್ಲ."

"ಕೂತ್ಕೊಳ್ಳಿ," ಎಂದಳು ಅಮ್ಮ. ಅಪ್ಪನಿಗೆ ಅವಳು ಹಾಗೆ ಗದರಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಪ್ಪ ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು ಬಾಯಿ ತೆರೆದರು.