ಮೊಗ್ಗಿನ ಜಡೆಯ ಹುಡುಗಿ

ನಮ್ಮ ಜಯನಗರದ ಮನೆಯ ನಡುಮನೆಯಲ್ಲಿ, ಅಪ್ಪ ಅಮ್ಮನ ಮದುವೆಯ ಫೋಟೋಗೂ ಅಜ್ಜಿಯ ಫೋಟೋಗೂ ನಡುವೆ ನನ್ನದೂ ಒಂದು ಇತ್ತು. ಮೂರು ವರ್ಷದ ಮಗು. ಜರಿಯ ಲಂಗ, ಕೈತುಂಬ ಬಳೆ, ಬೆನ್ನ ಹಿಂದೆ ಆಳೆತ್ತರದ ಕನ್ನಡಿ. ಮಲ್ಲಿಗೆ ಮೊಗ್ಗನ್ನು ಬಾಳೆಪಟ್ಟೆಗೆ ಹೊಲಿದು ಜಡೆಗೆ ಕಟ್ಟುವುದೆಂದರೆ ಅರ್ಧ ದಿನದ ಕೆಲಸ. ಅಷ್ಟು ಪಾಡುಪಟ್ಟು ಜಡೆಯೇ ಕಾಣದಿದ್ದರೆ ಹೇಗೆ? ಅದಕ್ಕೇ ಆ ಕಾಲದ ಸ್ಟುಡಿಯೋಗಳಲ್ಲಿ ಕನ್ನಡಿ ಇಟ್ಟಿರುತ್ತಿದ್ದರು. ಮುಖ ಈ ಕಡೆ, ಜಡೆ ಕನ್ನಡಿಯಲ್ಲಿ.

ಮನೆಗೆ ಬಂದವರು ಮೊದಲು ಫೋಟೋ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. "ಚಿಕ್ಕವಳಿದ್ದಾಗ ಎಷ್ಟು ಲಕ್ಷಣವಾಗಿದ್ಲು!" ಎನ್ನುತ್ತಿದ್ದರು. ಈಗ ಹೇಗಿದ್ದಾಳೆಂದು ಯಾರೂ ಹೇಳುತ್ತಿರಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. ಸಾರಕ್ಕಿಯಿಂದ ಸೊಪ್ಪು ತರುತ್ತಿದ್ದ ಹೆಂಗಸಿಗೆ ಮಾತ್ರ ಆ ದಾಕ್ಷಿಣ್ಯ ಇರಲಿಲ್ಲ. ಬಾಗಿಲಲ್ಲಿ ಬುಟ್ಟಿ ಇಳಿಸಿ, ಗೋಡೆಯತ್ತ ಕೈ ತೋರಿಸಿ, "ಆ ಗದ್ದದ ಗುಳಿ ಎಲ್ಲೋಯ್ತವ್ವಾ?" ಎಂದು ಕೇಳಿಯೇಬಿಟ್ಟಳು.

ನನಗೂ ಅದೇ ಚಿಂತೆ. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಗದ್ದಕ್ಕೆ ಬೆರಳೊತ್ತಿ ಆ ಗುಳಿಯನ್ನು ಹುಡುಕುತ್ತಿದ್ದೆ. ಅಣ್ಣನಿಗಾದರೆ ಆಲ್ಬಮಿನಲ್ಲಿ ಬೇಕಾದಷ್ಟು ಫೋಟೋಗಳಿದ್ದವು. ನನ್ನ ಬಾಲ್ಯಕ್ಕೆ ಇದ್ದದ್ದು ಇದೊಂದೇ. ಇದನ್ನು ಬಿಟ್ಟರೆ ನಾನು ನೇರ ಹೈಸ್ಕೂಲಿನ ಗ್ರೂಪ್ ಫೋಟೋದಲ್ಲೇ ಹುಟ್ಟಿದಂತಿದ್ದೆ. ಆ ಮಗುವಿನಲ್ಲಿ ನಾನು ಎಲ್ಲಿದ್ದೇನೆ ಎಂದು ತಿಳಿಯುವ ಆಸೆ ನನ್ನನ್ನು ಬಿಡಲೇ ಇಲ್ಲ.

ಅರವತ್ತರ ದಶಕದ ನಡುವಿನ ಒಂದು ಯುಗಾದಿಗೆ ಮನೆಗೆ ಸುಣ್ಣ ಹೊಡೆಸಲು ಫೋಟೋಗಳನ್ನೆಲ್ಲ ಇಳಿಸಿದೆವು. ನನ್ನದರ ಗಾಜು ಒಡೆಯಿತು. ಚೂರು ತೆಗೆದು ಫೋಟೋ ಈಚೆಗೆಳೆದರೆ, ಅಂಚಿನ ದಪ್ಪ ಕಾಗದದಡಿ ಇಷ್ಟು ದಿನ ಮುಚ್ಚಿದ್ದ ಭಾಗವೂ ಕಂಡಿತು. ಅಲ್ಲಿ ಕನ್ನಡಿಯ ಇನ್ನೊಂದು ಕೊನೆ. ಕನ್ನಡಿಯೊಳಗೆ, ಕ್ಯಾಮೆರಾ ಪಕ್ಕದಲ್ಲಿ ನಿಂತು, ಮಗು ಈ ಕಡೆ ನೋಡಲೆಂದು ಕೊಬ್ಬರಿ ಮಿಠಾಯಿ ಎತ್ತಿ ಹಿಡಿದಿದ್ದ ನಮ್ಮ ಅಜ್ಜಿ. ಗೋಡೆಯ ಫೋಟೋದಲ್ಲಿದ್ದ ಅದೇ ಅಗಲ ಕುಂಕುಮ, ಅದೇ ದೊಡ್ಡ ಮೂಗುಬೊಟ್ಟು.

ಅಜ್ಜಿ ತೀರಿಕೊಂಡದ್ದು ನಾನು ಹುಟ್ಟುವುದಕ್ಕೆ ಮೊದಲು.

ನೆಲದ ಮೇಲೆ ಕೂತು ಮೊರದಲ್ಲಿ ಬೇಳೆ ಆರಿಸುತ್ತಿದ್ದ ಅಮ್ಮನ ಮುಂದೆ ಫೋಟೋ ಹಿಡಿದೆ. "ಅಜ್ಜಿ ಇಲ್ಲಿ ಹೇಗೆ ಬಂದ್ರು?"

ಅಮ್ಮ ನೋಡಿದಳು, ನನ್ನ ಮುಖ ನೋಡಿದಳು, ನಕ್ಕುಬಿಟ್ಟಳು. "ಅಯ್ಯೋ, ಅದು ನಿಮ್ಮಣ್ಣ ಕಣೆ."

ಗಂಡುಮಗುವಿಗೆ ಚೌಲದಲ್ಲಿ ತಲೆಗೂದಲು ತೆಗೆಸುವ ಮುಂಚೆ ಒಮ್ಮೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸುವುದು ನಮ್ಮ ಕಡೆ ಇದ್ದ ಪದ್ಧತಿ. ಬೇರೆ ಮನೆಗಳಲ್ಲಿ ನಾನೇ ನೋಡಿ ನಕ್ಕಿದ್ದೆ. ನಮ್ಮ ಮನೆಯಲ್ಲಿ ಮಾತ್ರ ಹೊಳೆದಿರಲಿಲ್ಲ. ದಿನಾ ಎದುರಿಗೆ ಕೂತು ಊಟ ಮಾಡುವವನ ಗದ್ದವನ್ನು ಯಾರು ಗಮನಿಸುತ್ತಾರೆ!

"ನಿನ್ನದೂ ತೆಗೆಸ್ಬೇಕು ಅಂತಿದ್ವಿ. ಈ ಮನೆ ಕಟ್ಟಿಸೋ ಗಲಾಟೆ. ಗೃಹಪ್ರವೇಶ ಆಗ್ಲಿ ಅಂದ್ವಿ, ಅಷ್ಟರಲ್ಲಿ ನಿಂಗೆ ಟೈಫಾಯ್ಡ್ ಬಂದು ಕೂದಲೆಲ್ಲ ಉದುರಿಹೋಯ್ತು. ಒಂದಿನ ನಂದೆಲ್ಲಿ, ನಂದೆಲ್ಲಿ ಅಂತ ನೆಲದ ಮೇಲೆ ಹೊರಳಾಡಿ ಅತ್ತೆ. ಇದು ನಿಂದೇ ಅಂದೆ ನಾನು. ನೀನು ಸುಮ್ಮನಾದೆ."

ಕೋಪವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕೇಳಿದೆ. "ಹಾಗಾದ್ರೆ ನಾನು ಹೇಗಿದ್ದೆ?"

ಅಮ್ಮ ಮೊರ ಪಕ್ಕಕ್ಕಿಟ್ಟಳು. "ದುಂಡು ದುಂಡಗೆ ಇದ್ದೆ. ಗದ್ದದಲ್ಲಿ ಗುಳಿ..." ಅಂದವಳು ತಟ್ಟನೆ ನಿಲ್ಲಿಸಿದಳು. ಇನ್ನೊಮ್ಮೆ ಶುರುಮಾಡಿ ಮತ್ತೆ ನಿಲ್ಲಿಸಿದಳು. ಅವಳ ಮುಖ ಸಣ್ಣದಾಯಿತು. "ಏನ್ಮಾಡ್ಲೇ, ನಿನ್ನ ನೆನೆಸ್ಕೊಂಡ್ರೆ ಆ ಫೋಟೋನೇ ಬರುತ್ತೆ."

ಇಷ್ಟು ವರ್ಷ ಬಂದವರಿಗೆಲ್ಲ ನಾನೇ ಎಂದು ಹೇಳಿ ಹೇಳಿ ಅಮ್ಮನೂ ಅದನ್ನು ನಂಬಿಬಿಟ್ಟಿದ್ದಳು. ಫೋಟೋ ನನ್ನದಲ್ಲದೆ ಹೋದದ್ದಕ್ಕಿಂತ ಇದೇ ನನಗೆ ಹೆಚ್ಚು ಸಂಕಟವಾಯಿತು.

ಅಷ್ಟು ಹೊತ್ತಿನಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಣ್ಣ ಕೇಳಿಸಿಕೊಳ್ಳುತ್ತಿದ್ದ. ಆಗ ಅವನು ಕಾಲೇಜು. ಲಂಗ ಉಟ್ಟವನು ಅವನೆಂದು ಯಾರಿಗೂ ಗೊತ್ತಾಗದಿದ್ದದ್ದೇ ಅವನಿಗೆ ನೆಮ್ಮದಿಯಾಗಿತ್ತು, ಅದಕ್ಕೇ ಇಷ್ಟು ದಿನ ಬಾಯಿಬಿಟ್ಟಿರಲಿಲ್ಲ.

"ಗುಳಿಯೂ ಇಲ್ಲ, ಗಿಳಿಯೂ ಇಲ್ಲ" ಎಂದ. "ಇವಳು ಕಡ್ಡಿ ಥರ ಇದ್ಲು. ಕಿವಿ ಎರಡೂ ಮುಂದಕ್ಕೆ. ನಗೋಕೆ ಮುಂಚೆ ಒಂದು ಕಣ್ಣು ಮುಚ್ಕೋತಿದ್ಲು."

"ಹೌದು ಕಣೋ! ಬಲಗಣ್ಣು!" ಅಂದಳು ಅಮ್ಮ.

"ಎಡಗಣ್ಣು."

ಆ ಫೋಟೋ ನಾನೆಂದು ಮನೆಯಲ್ಲಿ ಒಂದು ದಿನವೂ ನಂಬದವನು ಅವನೊಬ್ಬನೇ. ಹಾಗಾಗಿ ನನ್ನ ಮುಖ ಅವನಲ್ಲಿ ಹಾಗೇ ಉಳಿದಿತ್ತು.

"ಆಮೇಲೆ?" ಎಂದೆ.

ಅಣ್ಣ ನಮ್ಮೆದುರು ಚಕ್ಕಳಮಕ್ಕಳ ಹಾಕಿ ಕೂತ. ಅಮ್ಮ ನನ್ನ ಪಕ್ಕಕ್ಕೆ ಸರಿದು, ತನ್ನ ಮಗಳು ಹೇಗಿದ್ದಳೆಂದು ನನ್ನಂತೆಯೇ ಅವನ ಬಾಯಿಯಿಂದ ಕೇಳತೊಡಗಿದಳು.