ಲಾಂಡ್ರಿ ಅಕ್ಕನ ಎಂಟನೇ ಹಾಡು

ಹಾಡು ಕಟ್ಟಿ ಹಾಡುವವರಲ್ಲಿ ಬಹುಪಾಲು ಜನರ ಹೊಟ್ಟೆ ತುಂಬಿಸುವುದು ಹಾಡಲ್ಲ, ಬೇರೆ ಕೆಲಸ. ಇದು ನಿಮಗೆ ಗೊತ್ತಿರಬೇಕಿತ್ತು. ನಮ್ಮ ಬೀದಿಯ ಲಾಂಡ್ರಿ ಅಕ್ಕನದೂ ಅದೇ ಕತೆ. ಬೆಳಗ್ಗೆ ಏಳಕ್ಕೆ ಶಟರ್ ಎತ್ತಿದರೆ ಸಂಜೆಯವರೆಗೆ ಆವಿ, ಸೋಪು, ಊರವರ ಕಾಲರಿನ ಕೊಳೆ. ಒಗೆಯುವ ಯಂತ್ರಗಳ ಹತ್ತಿರ ಅಕ್ಕ, ಇಸ್ತ್ರಿ ಮೇಜಿನ ಹತ್ತಿರ ಅವಳ ನಾದಿನಿ.

ಮಧ್ಯಾಹ್ನ ಗಿರಾಕಿಗಳಿಲ್ಲದ ಒಂದು ಗಂಟೆ ನಾದಿನಿ ಯಂತ್ರಗಳನ್ನೆಲ್ಲ ನಿಲ್ಲಿಸಿ ಶಟರನ್ನು ಅರ್ಧ ಎಳೆಯುತ್ತಾಳೆ. ಅಕ್ಕ ಹಿಂದಿನ ಕೋಣೆಗೆ ಹೋಗಿ, ತೂಗುಹಾಕಿದ ಕಂಬಳಿ, ಕೋಟುಗಳ ನಡುವೆ ನುಸುಳಿ, ಹ್ಯಾಂಗರಿಗೆ ಕಟ್ಟಿದ ಮೈಕಿನ ಮುಂದೆ ಕಣ್ಣು ಮುಚ್ಚಿ ಹಾಡುತ್ತಾಳೆ. ದಪ್ಪ ಬಟ್ಟೆ ಸುತ್ತಲೂ ಇದ್ದರೆ ದನಿ ಗೋಡೆಗೆ ಬಡಿದು ಮಾರ್ದನಿಸುವುದಿಲ್ಲ. ಸ್ಟುಡಿಯೋದವರು ಗೋಡೆಗೆ ಸ್ಪಂಜು ಬಡಿಯುವುದೂ ಇದಕ್ಕೇ. ಹೀಗೆ ಒಂದು ವರ್ಷದಲ್ಲಿ ಎಂಟು ಹಾಡು ಮಾಡಿದಳು.

ಹೋದ ವಾರ ಆಲ್ಬಂ ಇಂಟರ್‌ನೆಟ್ಟಿಗೆ ಬಂತು. ಮುಖವಿಲ್ಲದವನೊಬ್ಬ "ಬಟ್ಟೆ ಹಿಂಡಮ್ಮ, ನಮ್ಮ ಕಿವಿ ಯಾಕೆ ಹಿಂಡ್ತೀಯ" ಎಂದು ಬರೆದು ತನ್ನ ಶೌರ್ಯ ಮೆರೆದ. ಇನ್ನೊಬ್ಬರು ಹೊಗಳಿ ಅಟ್ಟಕ್ಕೇರಿಸಿದರು: "ಒಂಬತ್ತು ಹಾಡುಗಳ ಅಮೋಘ ಯಾನ!" ಒಂಬತ್ತಂತೆ! ಎಣಿಸಲೂ ಪುರುಸೊತ್ತಿಲ್ಲದ ಈ ಮಹಾಶಯರು ಕೇಳಿದ್ದು ಯಾವಾಗ?

ಮೂರನೆಯವರು ಪತ್ರಿಕೆಯ ಹಳೇ ವಿಮರ್ಶಕರು. "ಮೊದಲ ಐದು ಹಾಡು ಪಕ್ಕದಲ್ಲಿ ಕೂತು ಹೇಳಿಕೊಂಡಂತಿವೆ. ಕೊನೆಯ ಮೂರು ಬತ್ತಿದ ಬಾವಿಯೊಳಗಿಂದ ಕೂಗಿದಂತಿವೆ. ಎಂಟನೇ ಹಾಡಿನ ಎರಡನೇ ಚರಣದಲ್ಲಂತೂ ಕೊನೆಯ ಸಾಲನ್ನು ಗಾಯಕಿ ನುಂಗಿಯೇ ಬಿಟ್ಟಿದ್ದಾರೆ."

ನಾದಿನಿ ಕೆಂಡವಾದಳು. "ಅತ್ತಿಗೆ, ಅವನ್ಯಾರು ಹೇಳಿ. ಅವನ ಪ್ಯಾಂಟು ಒಂದಲ್ಲ ಒಂದಿನ ನನ್ನ ಮೇಜಿಗೆ ಬರುತ್ತಲ್ಲ, ಹಿಂದ್ಗಡೆ ಒಂದು ಮುದ್ರೆ ಒತ್ತಿ ಕಳಿಸ್ತೀನಿ."

"ಸುಮ್ನಿರೇ," ಎಂದಳು ಅಕ್ಕ, ಹಾಡನ್ನು ಮತ್ತೆ ಕಿವಿಗೆ ಹಾಕಿಕೊಂಡು. "ಅವರು ಹೇಳಿದ್ದು ನಿಜ. ಚಳಿ ಶುರುವಾದ ವಾರ ಊರೋರೆಲ್ಲ ಬಂದು ಕಂಬಳಿ, ಕೋಟು ತಗೊಂಡು ಹೋದ್ರಲ್ಲ, ಆಗ ಹಾಡಿದ್ದು ಈ ಮೂರು. ಬರೀ ಗೋಡೆಗೆ ಹಾಡಿದ್ದೀನಿ ಕಣೇ!"

"ನಾನು ನೋಡ್ದೆ. ನೀವು ಸ್ಟೈಲಿಗೆ ಹಾಗೆ ಮಾಡ್ತಿದ್ದೀರ ಅಂದ್ಕೊಂಡೆ."

"ನಂಗೆಲ್ಲಿಂದ ಬಂತೇ ಸ್ಟೈಲು! ಕಣ್ಣು ಮುಚ್ಚಿದ್ದೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಕ್ಕನ ನಗು ನಿಂತಿತು. ಎಂಟನೆಯದು ಅಮ್ಮನ ಮೇಲಿನ ಹಾಡು. ಮೂವತ್ತು ವರ್ಷ ಊರವರ ಬಟ್ಟೆಯನ್ನು ಕೈಯಲ್ಲೇ ಒಗೆದು ತೀರಿಕೊಂಡ ಅಮ್ಮ. ನುಂಗಿದ ಸಾಲು ಇದು: "ನಿನ್ನ ಅಂಗೈ ಬಿರಿದದ್ದು ನಾನು ನೋಡಲೇ ಇಲ್ಲ." ಹಾಡುವಾಗ ಅರ್ಧ ಸಾಲು ಬಾಯಲ್ಲೇ ಉಳಿದಿತ್ತು, ಹೊರಬಂದ ಚೂರುಪಾರನ್ನು ಬೋಳು ಗೋಡೆ ಕಲಸಿಬಿಟ್ಟಿತ್ತು. ಅಕ್ಕನಿಗೆ ಹೇಳಬೇಕಿದ್ದದ್ದು ಅದೊಂದೇ ಸಾಲು. ಮೊದಲ ಏಳು ಹಾಡು ಆ ಸಾಲಿಗೆ ಧೈರ್ಯ ಕೂಡಿಸಿಕೊಳ್ಳಲು.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ವಿಮರ್ಶಕರನ್ನು ಹಿಡಿದಳು.

"ಬೈಯೋಕಾ? ಬೈರಿ, ನಂಗೆ ಅಭ್ಯಾಸ ಇದೆ," ಎಂದರು ಅವರು.

"ಅಲ್ಲ ಸಾರ್. ಎಂಟನೇ ಹಾಡಿನವರೆಗೂ ಕೂತು ಕೇಳಿದ್ರಲ್ಲ, ಥ್ಯಾಂಕ್ಸ್ ಹೇಳೋಣ ಅಂತ."

"ಅದೊಂದನ್ನೇ ನಾಲ್ಕು ಸಲ ಕೇಳಿದೆನಮ್ಮ. ಆ ಸಾಲು ಮಾತ್ರ ಕಿವಿಗೆ ಹತ್ತಲಿಲ್ಲ. ಏನದು?"

ಅಕ್ಕ ಹಾಡಲಿಲ್ಲ, ಬರೀ ಹೇಳಿದಳು.

"ಅಯ್ಯೋ, ಅದನ್ನೇ ನುಂಗ್ಬಿಟ್ಯಾ? ಮತ್ತೆ ಹಾಡಮ್ಮ. ಹಾಡದಿದ್ರೆ ಇನ್ನೊಂದು ಸಲ ಬರೀತೀನಿ ನೋಡು."

ಫೋನ್ ಇಟ್ಟ ಅಕ್ಕನ ಮುಖವನ್ನು ನೀವು ನೋಡಬೇಕಿತ್ತು. ಹೊಗಳಿಕೆ ಓದಿದ ದಿನ ಅದು ಹೀಗೆ ಅರಳಿರಲಿಲ್ಲ. "ನಾಲ್ಕು ಸಲ ಕೇಳಿದ್ರಂತೆ ಕಣೇ! ಕೂಲಿ ಇಲ್ಲದೆ ನನ್ನ ಹಾಡಿನ ಕಲೆ ಹುಡುಕಿ ಕೊಟ್ಟಿದ್ದಾರೆ. ನಾವು ಗಿರಾಕಿ ಅಂಗಿಗೆ ಇಷ್ಟು ಮಾಡ್ತೀವಾ?"

"ಹಾಗಾದ್ರೆ ಮುದ್ರೆ ಬೇಡ," ಎಂದು ನಾದಿನಿ ತೀರ್ಪು ಕೊಟ್ಟಳು. "ಆರು, ಏಳು ಬಾವೀಲೇ ಇರ್ಲಿ. ಎಂಟನ್ನ ಮೇಲೆತ್ತೋಣ. ಆದ್ರೆ ಚಳಿ ಮುಗೀದೆ ಕಂಬಳಿ ಎಲ್ಲಿಂದ ಬರುತ್ತೆ? ಎರಡು ತಿಂಗಳು ಕಾಯ್ಬೇಕು."

"ಅಮ್ಮನಿಗೆ ಹೇಳೋದನ್ನ ಕಾಯ್ಸಿದ್ದು ಸಾಕು," ಎಂದಳು ಅಕ್ಕ.

ಹಿಂದಿನ ಕೋಣೆಯಲ್ಲಿ ಈಗಲೂ ಬರೀ ಹ್ಯಾಂಗರುಗಳು ನೇತಾಡುತ್ತಿವೆ. ಆ ಕಂಬಳಿಗಳೆಲ್ಲ ನಿಮ್ಮ ಮನೆಯಲ್ಲಿವೆ, ಅವಳು ಒಗೆದುಕೊಟ್ಟವೇ. ಈ ಭಾನುವಾರ ಮಧ್ಯಾಹ್ನ ಎರಡಕ್ಕೆ ಒಂದೊಂದು ಕಂಬಳಿ ಹೊತ್ತುಕೊಂಡು ಲಾಂಡ್ರಿಗೆ ಬನ್ನಿ. ನಿಮ್ಮ ಕೈಯಾರೆ ತೂಗುಹಾಕಿ, ಹೊರಗೆ ಬಂದು, ಒಂದು ಗಂಟೆ ಬಾಯಿ ಮುಚ್ಚಿಕೊಂಡು ನಿಲ್ಲಿ.