ನಾನು ನಕ್ಕೆನೋ ಇಲ್ಲವೋ

ಆ ದಿನ ನಾನು ನಕ್ಕೆನೋ ಇಲ್ಲವೋ ನನಗೆ ಗೊತ್ತಿಲ್ಲ. ಇತಿಹಾಸ ಕಲಿಸುವ ಮೇಷ್ಟ್ರು ಹೀಗೆ ಶುರುಮಾಡುವುದು ಅಷ್ಟು ಶೋಭಿಸುವುದಿಲ್ಲ. ಹೊಳಲ್ಕೆರೆಯ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ, ಆಧಾರವಿಲ್ಲದೆ ಯಾವ ಮಾತನ್ನೂ ಒಪ್ಪಬೇಡಿ ಎಂದು ಹೇಳುತ್ತ ಸಂಬಳ ತಿಂದವನು ನಾನು. ಈ ಸಂಗತಿಗೆ ನನ್ನ ಬಳಿ ಇದ್ದ ಆಧಾರ ನಾನೊಬ್ಬನೇ. ಆತನನ್ನು ನಾನು ಬಲ್ಲೆ, ಅಷ್ಟೇನೂ ನಂಬಿಕಸ್ಥನಲ್ಲ.

ನೆನಪಿರುವುದು ಇಷ್ಟು. ದಸರಾ ರಜೆ. ಹೊಸದುರ್ಗ ತಾಲ್ಲೂಕಿನಲ್ಲಿ, ಮಾಡದಕೆರೆಗೆ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆ. ಭಾವ ಕುರಿ ಹೊಡೆದುಕೊಂಡು ಹೋಗಿದ್ದರು. ಅಕ್ಕ ಒಳಗೆ ಚಹಾ ಕಾಯಿಸುತ್ತಿದ್ದಳು. ಅವಳ ಮಗಳು ಅನಿತ, ಹದಿನೈದರವಳು, ಚಿತ್ರದುರ್ಗದ ಒಂದು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಜಗಲಿಯ ಮೇಲೆ ನನ್ನ ಪಕ್ಕ ಕೂತು, ವಾರ್ಡನ್ ತನ್ನನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿದ್ದರು ಎಂದಳು. ಅನ್ನದಲ್ಲಿ ಹುಳ ಇದೆ ಎಂದು ಎಲ್ಲರೆದುರು ಹೇಳಿದ್ದಕ್ಕೆ. ಮಧ್ಯಾಹ್ನದಿಂದ ಕತ್ತಲಾಗುವವರೆಗೆ.

ನಾನು ಪ್ರಶ್ನೆ ಕೇಳಿದೆ. ಒಳಗೆ ಗಡಿಯಾರವಿತ್ತಾ? ಇಲ್ಲದಿದ್ದರೆ ಅಷ್ಟು ಹೊತ್ತು ಎಂದು ಹೇಗೆ ಗೊತ್ತು? ಚಿಲಕ ಹಾಕಿದ್ದನ್ನು ನೋಡಿದೆಯಾ? ಬಾಗಿಲು ಗಾಳಿಗೆ ಹಾಕಿಕೊಂಡಿರಬಹುದಲ್ಲವಾ? ಪ್ರೀತಿಯಿಂದಲೇ ಕೇಳಿದೆ ಎಂದು ನನ್ನ ನೆನಪು. ಅವಳು "ಗೊತ್ತಿಲ್ಲ ಮಾಮ" ಎಂದು ಎದ್ದು ಒಳಗೆ ಹೋದಳು. ಚಹಾ ಬಂತು, ಕುಡಿದೆ.

ರಜೆ ಮುಗಿದರೂ ಅನಿತ ಹಾಸ್ಟೆಲಿಗೆ ಹೋಗಲಿಲ್ಲ. ಯಾಕೆಂದು ಕೇಳಿದರೆ ಮಾತಿಲ್ಲ. ಜಗಲಿಯ ಮೇಲೆ ಅವಳು ಹೇಳಿದ್ದನ್ನು, ಆಧಾರವಿಲ್ಲದ ಮಾತೆಂದು, ನಾನೂ ಯಾರಿಗೂ ಹೇಳಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಳ್ಳಲು ಒಲ್ಲಳು. ಬಸ್ಸಿನ ಬಾಗಿಲು ಮುಚ್ಚಿದರೆ ಮೈಯೆಲ್ಲ ಬೆವೆತು ಮುಂದಿನ ಸ್ಟಾಪಿನಲ್ಲೇ ಇಳಿಯುತ್ತಿದ್ದಳು. ಭಾವನ ತಾಯಿ ಹುಡುಗಿ ಹೆದರಿಕೊಂಡಿದ್ದಾಳೆ ಎಂದು ತಾಯಿತ ಕಟ್ಟಿಸಿದರು. ಆಗ ನಾನು ನಕ್ಕದ್ದು ಮಾತ್ರ ಚೆನ್ನಾಗಿ ನೆನಪಿದೆ.

ಭಾವ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರು ಒಂದು ಬೆಳಿಗ್ಗೆ ಮಗಳ ಕೋಣೆಯ ಬಾಗಿಲನ್ನೇ ಕಿತ್ತು ಹಿತ್ತಲಿಗೆ ಸಾಗಿಸಿ, ಆ ಜಾಗದಲ್ಲಿ ಒಂದು ಕರೀ ಕಂಬಳಿ ಇಳಿಬಿಟ್ಟರು.

"ಅವಳೇನಾದ್ರೂ ಹೇಳಿದ್ಲಾ ಭಾವ?" ಎಂದೆ.

"ಏನೂ ಹೇಳಿಲ್ಲ."

"ಮತ್ತೆ ಬಾಗಿಲು ಯಾಕೆ ಕಿತ್ರಿ?"

"ರೊಪ್ಪಕ್ಕೆ ಹೋಗಲ್ಲ ಅಂತ ನಿಂತ ಕುರಿನ ಸಾಕ್ಷಿ ಕೇಳ್ತೀವೇನಪ್ಪ? ಒಳಗೆ ಏನೋ ಆಗೈತೆ ಅಂತ ತಿಳ್ಕಂತೀವಿ. ನೀವು ಓದಿದೋರು ಬಿಡು, ಕುರಿಗೂ ಪರೀಕ್ಷೆ ಇಡ್ತೀರಿ."

ಕೊನೆಗೆ ಆಸ್ಪತ್ರೆಯ ನರ್ಸೊಬ್ಬರು ಹೇಳಿ, ಚಿತ್ರದುರ್ಗದಲ್ಲಿ ಔಷಧದಂಗಡಿಯ ಮಹಡಿ ಮೇಲಿದ್ದ ಆಪ್ತಸಮಾಲೋಚಕಿಯ ಬಳಿಗೆ ವಾರಕ್ಕೊಮ್ಮೆ ಹೋಗುವುದು ಶುರುವಾಯಿತು. ಭಾವ ಅವಳನ್ನು ಕರೆತರುತ್ತಿದ್ದರು, ನಾನು ಹೊಳಲ್ಕೆರೆಯಿಂದ ಅಲ್ಲಿಗೆ ಬಂದು ಸೇರಿಕೊಳ್ಳುತ್ತಿದ್ದೆ. ದೊಡ್ಡವರಿಗೂ ಮಕ್ಕಳಿಗೂ ಹಲವು ಪದ್ಧತಿಗಳನ್ನು ಸೇರಿಸಿ ಸಮಾಲೋಚನೆ ಎಂದು ಬೋರ್ಡಿನಲ್ಲಿತ್ತು. ಯಾವ ಪದ್ಧತಿಯ ಮೇಲೂ ಪೂರ್ತಿ ಭರವಸೆ ಇಲ್ಲದವರು ಎಲ್ಲವನ್ನೂ ಕಲಸುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ತಡೆಯಲಾರದೆ, ಇವಳಿಗೆ ಯಾವ ಪದ್ಧತಿ ಎಂದು ಕೇಳಿಯೂ ಬಿಟ್ಟೆ.

"ಅವಳಿಗೆ ಯಾವತ್ತು ಏನು ಸಾಧ್ಯ ಆಗುತ್ತೋ ಅದು ಸರ್," ಎಂದರು ಮೇಡಂ. "ಒಂದಿನ ಮಾತು, ಒಂದಿನ ಚಿತ್ರ, ಒಂದಿನ ಬರೀ ಉಸಿರಾಟ. ಮೊದಲೆರಡು ವಾರ ಕೋಣೆಗೇ ಬರಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ವಿ."

ಐದನೆಯ ವಾರ ಅವರು ನನ್ನೊಬ್ಬನನ್ನೇ ಒಳಗೆ ಕರೆದರು. "ಅನಿತಾನೇ ಹೇಳಿ ಅಂದಿದ್ದಾಳೆ, ಅದಕ್ಕೆ ಹೇಳ್ತಿದೀನಿ. ಕೂಡಿಹಾಕಿದ್ದನ್ನ ಅವಳು ಮೊದಲು ಹೇಳಿದ್ದು ನಿಮಗಂತೆ. ನೀವು ನಕ್ರಂತೆ. ಆಮೇಲೆ ಅಪ್ಪ ಅಮ್ಮಂಗೂ ಹೇಳಬಾರದು ಅನ್ಕೊಂಡಳಂತೆ."

ನಾನೇನು ಮಾಡಿದೆ ಗೊತ್ತೆ? ನೆನಪಿನ ದೌರ್ಬಲ್ಯದ ಬಗ್ಗೆ ಉಪನ್ಯಾಸ ಕೊಟ್ಟೆ. ನನ್ನ ಗದ್ದದ ಮೇಲಿನ ಗಾಯದ ಗುರುತು ತೋರಿಸಿದೆ. ಚಿಕ್ಕಂದಿನಲ್ಲಿ ದುರ್ಗದ ಕೋಟೆಯ ಮೆಟ್ಟಿಲಿನಿಂದ ಉರುಳಿದ್ದರ ಗುರುತು ಎಂದು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ವರ್ಣಿಸಿದ್ದೆ. ಅಮ್ಮ ಒಂದು ದಿನ, ಕೋಟೆಯಲ್ಲಿ ಬಿದ್ದವನು ನನ್ನ ಚಿಕ್ಕಪ್ಪನ ಮಗ, ನಾನು ಬಿದ್ದದ್ದು ಒರಳುಕಲ್ಲಿನ ಮೇಲೆ ಎಂದು ಆ ಕತೆಗೆ ಮಂಗಳ ಹಾಡಿದಳು. ಶಾಸನಕ್ಕಿರುವ ಭಾಗ್ಯ ನೆನಪಿಗಿಲ್ಲ ಮೇಡಂ, ಎಂದೆ. ನೂರು ಸಲ ಓದಿದರೂ ಕಲ್ಲಿನ ಅಕ್ಷರ ಹಾಗೇ ಇರುತ್ತದೆ. ನೆನಪನ್ನು ಓದಿದಷ್ಟು ಸಲವೂ ತಿದ್ದುತ್ತೇವೆ.

ಅವರು ಪೂರ್ತಿ ಕೇಳಿಸಿಕೊಂಡರು. "ಇದನ್ನೆಲ್ಲ ಅವಳಿಗೂ ಹೇಳಿದ್ರಾ ಸರ್?"

ಗದ್ದದ ಮೇಲಿಟ್ಟಿದ್ದ ಬೆರಳನ್ನು ಕೆಳಗಿಳಿಸಿದೆ.

"ಅವಳು ಒಪ್ಪಿದ ಮೇಲೆ ನಾನೇ ಅವರಪ್ಪಂಗೆ ತಿಳಿಸಿದೆ, ಅವರು ಹಾಸ್ಟೆಲಿನ ಮೇಲೆ ದೂರು ಕೊಟ್ಟಾಗಿದೆ, ಅದು ಬೇರೆ. ನನಗಿರೋ ಚಿಂತೆ ಇಷ್ಟೇ. ನಾಳೆ ಇನ್ನೇನಾದ್ರೂ ಆದ್ರೆ ಈ ಹುಡುಗಿ ಯಾರಿಗಾದ್ರೂ ಹೇಳ್ತಾಳಾ, ಇಲ್ವಾ?"

ಕೆಳಗಿಳಿದವನು ಸೀದಾ ಆಟೋ ಹತ್ತಿದೆ, ಹಾಸ್ಟೆಲಿಗೆ. ಆ ಕೋಣೆಗೆ ಹೊರಗಡೆ ಚಿಲಕವಿದೆಯೋ ಇಲ್ಲವೋ ಕಣ್ಣಾರೆ ನೋಡಿಬಿಡಬೇಕಿತ್ತು. ಜೋಗಿಮಟ್ಟಿಯ ಗುಡ್ಡದ ಸಾಲಿನ ಗಾಳಿಯಂತ್ರಗಳು ಎದುರಿಗೆ ನಿಧಾನವಾಗಿ ತಿರುಗುತ್ತಿದ್ದವು. ಅರ್ಧ ದಾರಿಯಲ್ಲಿ ನಾಚಿಕೆಯಾಯಿತು. ಇಷ್ಟಾದ ಮೇಲೂ ನಾನು ವಿಚಾರಣೆ ಮಾಡಲು ಹೊರಟಿದ್ದು ಅವಳನ್ನೇ. ಸಂಶಯಪಡುವುದು ನಾನು ಕಷ್ಟಪಟ್ಟು ಕಲಿತ ವಿದ್ಯೆ, ಅದನ್ನು ಬಿಟ್ಟುಕೊಡಲಾರೆ. ಆದರೆ ಅಷ್ಟು ವರ್ಷ ಅದನ್ನು ಎದುರಿಗೆ ಕೂತವರ ಮೇಲೆ ಮಾತ್ರ ಪ್ರಯೋಗಿಸಿದ್ದೆ. ಆಟೋ ತಿರುಗಿಸಲು ಹೇಳಿದೆ.

"ಎಲ್ಲಿಗೆ ಹೋಗ್ಬೇಕು ಅಂತ ಮೊದ್ಲೇ ತೀರ್ಮಾನ ಮಾಡ್ಕಂಡು ಹತ್ರಿ ಸಾರ್," ಎಂದ ಆಟೋದವನು. ನ್ಯಾಯವಾದ ಮಾತು.

ಆ ಭಾನುವಾರ ಅಕ್ಕನ ಮನೆಗೆ ಹೋಗಿ ಕಂಬಳಿಯ ಈಚೆ ನೆಲದ ಮೇಲೆ ಕೂತೆ. ಆಚೆ ಅನಿತ ಇದ್ದಳು.

"ನಾನು ನಕ್ಕಿದ್ದೆ. ತಪ್ಪಾಯ್ತು," ಎಂದೆ.

ಕಂಬಳಿ ಕೊಂಚ ಅಲುಗಿತು. ಆಮೇಲೆ, "ನಿಮಗೆ ನೆನಪೈತಾ ಮಾಮ?"

ಸುಳ್ಳು ಹೇಳಬಹುದಿತ್ತು. "ಇಲ್ಲ. ನಿನಗೆ ನೆನಪೈತಲ್ಲ, ಸಾಕು."

"ಬಾಗ್ಲು ಗಾಳಿಗೆ ಹಾಕ್ಕಂಡಿರ್ಲಿಲ್ಲ."

"ಹೌದು."

"ಬಡಿದೆ ನಾನು. ಹೊರಗೆ ಓಡಾಡ್ತಿದ್ರು, ಚಪ್ಪಲಿ ಸದ್ದು ಕೇಳಿಸ್ತಿತ್ತು."

"ಹ್ಞೂಂ."

ಅವಳು ಹೇಳುತ್ತ ಹೋದಳು. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಯಿಗೆ ಬಂದವನ್ನೆಲ್ಲ ನುಂಗಿದೆ, ನಾಲ್ಕೈದಾದರೂ ಬಂದಿದ್ದವು. ಹೇಳಿ ಮುಗಿಸಿ ಅವಳು ಅಳಲಿಲ್ಲ, ನನ್ನನ್ನು ಕ್ಷಮಿಸಿದೆ ಎನ್ನಲೂ ಇಲ್ಲ. ಮುಂದಿನ ವಾರ ಮೇಡಂ ಹತ್ತಿರ ಹೋಗುವಾಗ ಬಸ್ಸಿನಲ್ಲಿ ತನ್ನ ಪಕ್ಕ ಯಾರು ಕೂರುತ್ತಾರೆ ಎಂದು ಮಾತ್ರ ಕೇಳಿದಳು. ನಾನು ಎಂದೆ. ಸರಿ ಎಂದಳು.

ಹುಟ್ಟುಗುಣ ಹೋಗುವುದಿಲ್ಲವಲ್ಲ. ಹೊರಡುವಾಗ ಅಡುಗೆಮನೆಗೆ ಹೋಗಿ ಅಕ್ಕನನ್ನು ಕೇಳಿದೆ, ದಸರಾ ರಜೆಯಲ್ಲಿ ಜಗಲಿ ಮೇಲೆ ಅನಿತ ಏನೋ ಹೇಳಿದಾಗ ನಾನು ನಕ್ಕಿದ್ದೆನಾ ಎಂದು. ಅಕ್ಕ ರೊಟ್ಟಿ ತಟ್ಟುತ್ತಿದ್ದ ಕೈಯನ್ನು ಹಿಟ್ಟಿನ ಮೇಲೆ ಹಾಗೇ ಇಟ್ಟಳು.

"ನಕ್ಕಿದ್ದೆ ಕಣೋ. ಇಲ್ಲಿಗಂಟ ಕೇಳಿಸ್ತು. ಇಬ್ರೂ ಏನೋ ತಮಾಷೆ ಮಾಡ್ಕಂತಾವ್ರೆ ಅಂತ ನಾನೂ ಈಚೆಗೆ ಬರ್ಲಿಲ್ಲ."